ಕೋವಿ ಕೈಕೊಟ್ಟಾಗ ಕೈಬಿಡದ ಧೈರ್ಯ

ಕೋಪರಖೈರಣೆ: ಶಾಟ್‌ಗನ್ ಸ್ಪರ್ಧೆಯಲ್ಲಿ ಒಂದೇ ಒಂದು ತಟ್ಟೆ ತಪ್ಪಿದರೂ ಒಲಿಂಪಿಕ್ ಪದಕ ಕೈಜಾರಬಹುದು. 2024ರ ಪ್ಯಾರಿಸ್ ಕೂಟದ ಸ್ಕೀಟ್ ಮಿಶ್ರ ತಂಡ ಸ್ಪರ್ಧೆಯಲ್ಲಿ ಭಾರತದ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಅವರು ಚೀನಾದ ಜೋಡಿಗೆ 43-44ರಿಂದ ಸೋತು ಕಂಚಿನ ಪದಕದಿಂದ ವಂಚಿತರಾದರು. ಇಂತಹ ಪೈಪೋಟಿಯ ನಡುವೆ ಕೋವಿಯೇ ಕೈಕೊಟ್ಟರೆ ಸ್ಪರ್ಧಿಯ ಪಾಡೇನು?

110 ಮಿಲಿಮೀಟರ್ ವ್ಯಾಸದ ತಟ್ಟೆ ಯಂತ್ರದಿಂದ ಚಿಮ್ಮಿ ಗಾಳಿಯಲ್ಲಿ ಹಾರುತ್ತದೆ. ಕೋವಿ ಎತ್ತಿ ಗುರಿಹಿಡಿದು ಅದನ್ನು ಒಡೆಯಲು ಸಿಗುವುದು ಕ್ಷಣಮಾತ್ರ. ಆ ಕ್ಷಣದಲ್ಲಿ ಕುದುರೆ ಒತ್ತಿದರೂ ಗುಂಡು ಹಾರದಿರುವುದುಂಟು. ಕೋವಿಯೊಳಗಿನ ಸೂಜಿ ಮುರಿದಿರಬಹುದು, ಸ್ಪ್ರಿಂಗ್ ಸೋತಿರಬಹುದು ಅಥವಾ ತೋಟೆಯೇ ಹುಸಿಯಾಗಿರಬಹುದು. ಮೊದಲ ಈಡು ಠುಸ್ ಎಂದು ಸೊರಗಿದ ಸದ್ದು ಮಾಡಿದರೆ ಅಪಾಯ ಇನ್ನೂ ಹೆಚ್ಚು. ತೋಟೆಯ ಬಿರಡೆ ನಳಿಗೆಯಲ್ಲೇ ಸಿಕ್ಕಿಕೊಂಡಿದ್ದರೆ ಮುಂದಿನ ಈಡಿಗೆ ನಳಿಗೆಯೇ ಸಿಡಿಯಬಹುದು.

ಇಂತಹ ಸಂದರ್ಭಕ್ಕೆ ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಗಳು ಸ್ಪಷ್ಟವಾಗಿವೆ. ಸ್ಪರ್ಧಿ ಕೋವಿಯನ್ನು ತೆರೆಯಬಾರದು, ಸುರಕ್ಷಾ ಗುಂಡಿಯನ್ನು ಮುಟ್ಟಬಾರದು. ನಳಿಗೆಯನ್ನು ಮೈದಾನದತ್ತಲೇ ಹಿಡಿದು ಕೈ ಎತ್ತಿ ರೆಫ್ರಿಯನ್ನು ಕರೆಯಬೇಕು. ದೋಷ ನಿಜವೆಂದು ರೆಫ್ರಿ ಒಪ್ಪಿದರೆ ಮತ್ತೊಂದು ತಟ್ಟೆ ಸಿಗುತ್ತದೆ. ಗಾಬರಿಯಲ್ಲಿ ಕೋವಿ ತೆರೆದುಬಿಟ್ಟರೆ ಆ ತಟ್ಟೆ ತಪ್ಪಿದಂತೆಯೇ ಲೆಕ್ಕ. ತೋಟೆ ತುಂಬಲು ಮರೆತವರಿಗೂ ಇದೇ ಗತಿ. ಕೋವಿ ಕೆಟ್ಟಿದ್ದರೆ ದುರಸ್ತಿಗೆ ಮೂರು ನಿಮಿಷಗಳ ಅವಕಾಶವಿದೆ. ಅನುಮತಿ ಪಡೆದು ಬೇರೆಯವರ ಕೋವಿಯನ್ನೂ ಬಳಸಬಹುದು. ಆದರೆ ಸ್ವಂತ ಭುಜ, ಕೆನ್ನೆಯ ಅಳತೆಗೆ ಹೊಂದಿಸಿಕೊಂಡ ಕೋವಿಗೂ ಎರವಲು ಕೋವಿಗೂ ಅಜಗಜಾಂತರ ಎಂಬುದರಲ್ಲಿ ಎರಡು ಮಾತಿಲ್ಲ.

ಅಮೆರಿಕದ ಸ್ಕೀಟ್ ತಾರೆ ಕಿಮ್ ರೋಡ್ ಅವರ ಅನುಭವ ಇಲ್ಲಿ ಉಲ್ಲೇಖನೀಯ. ಅನೇಕ ವರ್ಷಗಳಿಂದ ಬಳಸುತ್ತಿದ್ದ ಅವರ ನೆಚ್ಚಿನ ಕೋವಿ 2008ರ ಬೀಜಿಂಗ್ ಒಲಿಂಪಿಕ್ಸ್ ಮುಗಿದ ಕೆಲವೇ ದಿನಗಳಲ್ಲಿ ಕಳವಾಯಿತು. ಅಭಿಮಾನಿಗಳ ನೆರವಿನಿಂದ ಹೊಸ ಕೋವಿ ಬಂತು. ಅವರು ಛಲಬಿಡದೆ ಅಭ್ಯಾಸ ಮುಂದುವರಿಸಿ 2012ರ ಲಂಡನ್ ಕೂಟದಲ್ಲಿ 100ರಲ್ಲಿ 99 ತಟ್ಟೆಗಳನ್ನು ಒಡೆದು ಚಿನ್ನ ಗೆದ್ದರು.

ಪಿಸ್ತೂಲಿನ ಕಥೆಯೂ ಭಿನ್ನವಲ್ಲ. 2021ರ ಜುಲೈ 25ರಂದು ಟೋಕಿಯೊದಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೆಟ್ಟಿತು. ರಿಪೇರಿಯಲ್ಲೇ ಸುಮಾರು 20 ನಿಮಿಷ ಕಳೆಯಿತು, ಗಡಿಯಾರ ಮಾತ್ರ ನಿಲ್ಲಲಿಲ್ಲ. ಉಳಿದ ಹೊಡೆತಗಳನ್ನು ಅವಸರದಲ್ಲಿ ಮುಗಿಸಿದ ಅವರು 575 ಅಂಕ ಗಳಿಸಿದರೂ ಎರಡೇ ಅಂಕಗಳಿಂದ ಫೈನಲ್ ಪ್ರವೇಶ ತಪ್ಪಿತು. ಮೂರು ವರ್ಷಗಳ ಬಳಿಕ, 2024ರ ಜುಲೈ 28ರಂದು ಪ್ಯಾರಿಸ್‌ನಲ್ಲಿ ಅದೇ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಅವರು ಕಂಚು ಗೆದ್ದರು. ಎರಡು ದಿನಗಳ ನಂತರ ಸರಬ್‌ಜೋತ್ ಸಿಂಗ್ ಅವರೊಂದಿಗೆ ಮಿಶ್ರ ತಂಡದಲ್ಲಿ ಮತ್ತೊಂದು ಕಂಚು ಅವರ ಪಾಲಾಯಿತು.

ನವಿಮುಂಬಯಿಯ ಕನ್ನಡಿಗರಿಗೆ ಈ ಕ್ರೀಡೆ ಹೊರಗಿನದಲ್ಲ. ಚಿಕ್ಕಬಳ್ಳಾಪುರದಲ್ಲಿ ಜನಿಸಿದ ಅರ್ಜುನ ಪ್ರಶಸ್ತಿ ವಿಜೇತೆ ಸುಮಾ ಶಿರೂರು ಅವರು 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಏರ್ ರೈಫಲ್‌ನಲ್ಲಿ 400ಕ್ಕೆ 400 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನ ಫೈನಲ್ ತಲುಪಿದರು. ಪನ್ವೇಲ್ ಪರಿಸರದಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ ಕಟ್ಟಿದ ಅವರ ತರಬೇತಿಯಲ್ಲಿ ಪಳಗಿದ ಅವನಿ ಲೇಖರಾ ಅವರು ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗಳೆರಡರಲ್ಲೂ ಚಿನ್ನ ಗೆದ್ದಿರುವುದು ಹೆಮ್ಮೆಯ ಸಂಗತಿ.

ಊರಿನಲ್ಲಿ ಕೊಡವರು ಕೈಲ್‌ಪೊಳ್ದ್ ಹಬ್ಬದಂದು ಕೋವಿಯನ್ನು ಒರೆಸಿ, ಹೂವಿಟ್ಟು ಪೂಜಿಸಿ, ಬಳಿಕ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಅದರಲ್ಲಿ ಭಕ್ತಿಯಷ್ಟೇ ಅಲ್ಲ, ಆರೈಕೆಯ ಪಾಠವೂ ಇದೆ. ಖಾಡಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಇರುವ ಈ ಭಾಗದಲ್ಲಿ ಉಕ್ಕಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಅಭ್ಯಾಸ ಮುಗಿದೊಡನೆ ನಳಿಗೆ ಒರೆಸಿ ತೆಳುವಾಗಿ ಎಣ್ಣೆ ಸವರುವುದು, ತೋಟೆಗಳನ್ನು ತೇವವಿಲ್ಲದೆಡೆ ಇಡುವುದು, ಬಿಡಿ ಸೂಜಿ, ಸ್ಪ್ರಿಂಗ್‌ಗಳನ್ನು ಜತೆಗಿರಿಸಿಕೊಳ್ಳುವುದು ಸ್ಪರ್ಧಿಯ ನಿತ್ಯಕರ್ಮವಾಗಬೇಕು. ಕೋವಿ ಕೆಟ್ಟಾಗ ಏನು ಮಾಡಬೇಕೆಂಬುದನ್ನೂ ಗುರಿಯಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಬೇಕು.

ಕನ್ನಡ ಸಂಘಗಳು ಪದಕ ತಂದವರಿಗೆ ಶಾಲು ಹೊದಿಸಿ ಸನ್ಮಾನಿಸುವುದು ಶ್ಲಾಘನೀಯ. ಸಲಕರಣೆ ಕೈಕೊಟ್ಟು ಬರಿಗೈಯಲ್ಲಿ ಮರಳಿದ ಮಕ್ಕಳಿಗೂ ವೇದಿಕೆಯಲ್ಲಿ ಒಂದು ಕುರ್ಚಿ ಇರಲಿ. ಟೋಕಿಯೊದಿಂದ ಬರಿಗೈಯಲ್ಲಿ ಮರಳಿದ ಮನು ಅವರಿಗೆ ಆಗ 19 ವರ್ಷ. ಆ ದಿನವೇ ಅವರು ಆಟ ಬಿಟ್ಟಿದ್ದರೆ ಪ್ಯಾರಿಸ್‌ನ ಎರಡು ಪದಕಗಳು ದೇಶಕ್ಕೆ ದಕ್ಕುತ್ತಿರಲಿಲ್ಲ.