ತಿಂದ ಹಿಟ್ಟು ಎಲ್ಲಿ ಹೋಗುತ್ತದೆ?

ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಸಮುದಾಯ ಆರೋಗ್ಯದ ಪೋಸ್ಟಿಂಗ್ ಎಂದರೆ ಮುಖ್ಯವಾಗಿ ಎರಡೇ ಕೆಲಸ: ಮಕ್ಕಳ ಎತ್ತರ, ತೂಕ ನೋಡುವುದು ಮತ್ತು ರಿಜಿಸ್ಟರ್ ತುಂಬುವುದು. ಎಚ್.ಡಿ. ಕೋಟೆ ತಾಲ್ಲೂಕಿನ ಹಾಡಿಯೊಂದರಲ್ಲಿ ನಾನು ಮಾಡುತ್ತಿದ್ದುದೂ ಅದನ್ನೇ. 13 ವರ್ಷದ ಹುಡುಗನೊಬ್ಬನ ತೂಕ 26 ಕೆ.ಜಿ. ದಾಟಿರಲಿಲ್ಲ. ಶಾಲೆಯಲ್ಲಿ ಅವನ ಹೆಸರನ್ನು ಎಲ್ಲರೂ ಮರೆತು ‘ಗಿಡ್ಡ’ ಎಂದೇ ಕರೆಯುತ್ತಿದ್ದರು. ಅವನಿಗೆ ಸಿಕಲ್ ಸೆಲ್ ಅನೀಮಿಯಾ.

ಅವನ ತಾಯಿ ಹೇಳಿದ ಮಾತು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ: ‘ಮಗೀಗೆ ಹಿಟ್ಟು ಹಾಕಲ್ವಾ ಅಂತ ಎಲ್ರೂ ನನ್ನೇ ಕೇಳ್ತರೆ. ಹಾಕಿದ್ ಹಿಟ್ಟು ಎಲ್ಲೋಯ್ತದೋ ಗೊತ್ತಿಲ್ಲ ಕನವ್ವ.’

ಹಿಟ್ಟು ಹೋಗುವುದು ರಕ್ತ ತಯಾರಿಸಲಿಕ್ಕೆ. ನಮ್ಮ ನಿಮ್ಮ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಈ ಮಕ್ಕಳಲ್ಲಿ ಅದು ಕುಡುಗೋಲಿನಂತೆ ಬಾಗಿ 10ರಿಂದ 20 ದಿನಗಳಲ್ಲೇ ಒಡೆಯುತ್ತದೆ. ಹೋದ ಕಣಗಳ ಜಾಗ ತುಂಬಲು ಮೂಳೆಮಜ್ಜೆ ಬಿಡುವಿಲ್ಲದೆ ದುಡಿಯಬೇಕು, ಹೃದಯವೂ ಹೆಚ್ಚು ಬಡಿಯಬೇಕು. ಹಾಗಾಗಿ ಸುಮ್ಮನೆ ಮಲಗಿದ್ದಾಗಲೂ ಇವರ ದೇಹ ಹೆಚ್ಚು ಶಕ್ತಿ ಸುಡುತ್ತದೆ. ಇದರ ನಡುವೆ ಕೈಕಾಲು, ಎದೆಯಲ್ಲಿ ನೋವು ಶುರುವಾದರೆ ನಾಲ್ಕೈದು ದಿನ ಊಟವೇ ಸೇರುವುದಿಲ್ಲ. ಎತ್ತರ, ತೂಕಕ್ಕೆಂದು ಉಳಿಯುವುದು ಮಿಕ್ಕಿದ್ದು ಮಾತ್ರ. ಪ್ರಾಯದ ಬದಲಾವಣೆಗಳೂ ಒಂದೆರಡು ವರ್ಷ ತಡ. ‘ಅಕ್ಕಾ, ನಂಗೆ ಮೀಸೆ ಬತ್ತದಾ?’ ಎಂದು ಹುಡುಗ ಗುಟ್ಟಾಗಿ ಕೇಳಿದ್ದ. ತಡವಾದರೂ ಸಾಮಾನ್ಯವಾಗಿ ಬರುತ್ತದೆ ಎಂದೆ. ನಂಬಿದಂತೆ ಕಾಣಲಿಲ್ಲ.

ಬಿಳಚಿಕೊಂಡ ಮಗುವನ್ನು ಕಂಡರೆ ‘ಐರನ್ ಮಾತ್ರೆ ಕೊಡಿ’ ಎನ್ನುವುದು ನಮ್ಮಲ್ಲಿ ಬಾಯಿಪಾಠ. ಇಲ್ಲಿ ಅದು ನಡೆಯುವುದಿಲ್ಲ. ಒಡೆದ ಕಣದ ಕಬ್ಬಿಣಾಂಶ ಬಹುಪಾಲು ದೇಹದಲ್ಲೇ ಉಳಿಯುತ್ತದೆ. ಪದೇಪದೇ ರಕ್ತ ಹಾಕಿಸಿಕೊಂಡವರಲ್ಲಿ ಅದು ಯಕೃತ್ತು, ಹೃದಯದಲ್ಲಿ ಶೇಖರವಾಗಿ ತೊಂದರೆ ಕೊಡುತ್ತದೆ. ಕೆಲವು ಮಕ್ಕಳಿಗೆ ಕಬ್ಬಿಣದ ಕೊರತೆಯೂ ಇರಬಹುದು, ಆದರೆ ಅದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು. ಹೊಸ ಕಣಗಳಿಗೆ ಬೇಕಾದ ಫೋಲಿಕ್ ಆಮ್ಲವನ್ನು ವೈದ್ಯರು ಬರೆದುಕೊಡುತ್ತಾರೆ. ಬೆಳವಣಿಗೆಗೆ ಬೇಕಾದ ಸತುವೂ ಇವರಲ್ಲಿ ಹಲವರಿಗೆ ಕಡಿಮೆ.

ಊಟದ ವಿಷಯಕ್ಕೆ ಬಂದರೆ ದುಬಾರಿ ಪುಡಿ ಡಬ್ಬಿಗಳೇನೂ ಬೇಡ. ದೊಡ್ಡ ಮುದ್ದೆಯನ್ನು ಒಂದೇ ಸಲ ಇಕ್ಕುವ ಬದಲು ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ. ಕಡಲೆಕಾಯಿ ಬೀಜ, ಬೆಲ್ಲ, ಎಳ್ಳು, ಮೊಟ್ಟೆ, ಹುರುಳಿ, ಸೊಪ್ಪು. ಹೇಳುವುದು ಸುಲಭ, ಕೂಲಿ ಸಿಕ್ಕ ದಿನ ಮಾತ್ರ ಎಣ್ಣೆ ತರುವ ಮನೆಯಲ್ಲಿ ಕೂತು ಹೇಳುವಾಗ ಗಂಟಲು ಕಟ್ಟುತ್ತದೆ. ಆ ಹುಡುಗನಿಗೆ ಶಾಲೆಯ ಮೊಟ್ಟೆ ಬಹಳ ದೊಡ್ಡ ಆಸರೆ. ನೋವು ಬಂದು ಶಾಲೆ ತಪ್ಪಿದರೆ ಅದೂ ತಪ್ಪುತ್ತದೆ.

ನೀರಿನದು ಇನ್ನೊಂದು ಕಥೆ. ಈ ಕಾಯಿಲೆಯಲ್ಲಿ ಮೂತ್ರಪಿಂಡ ನೀರನ್ನು ಹಿಡಿದಿಡಲಾರದು, ಮೈಯಲ್ಲಿ ನೀರು ಕಡಿಮೆಯಾದರೆ ಕಣ ಇನ್ನಷ್ಟು ಬಾಗಿ ನೋವು ತರುತ್ತದೆ. ಆದ್ದರಿಂದ ತುಂಬಾ ನೀರು ಕುಡಿಯಬೇಕು, ಆಗಾಗ ಮೂತ್ರಕ್ಕೆ ಹೋಗಬೇಕು. ತರಗತಿಯಲ್ಲಿ ನಾಲ್ಕು ಸಲ ಎದ್ದರೆ ಬೈಗುಳ. ಬೈಗುಳಕ್ಕೆ ಹೆದರಿ ಹುಡುಗ ನೀರು ಕುಡಿಯುವುದನ್ನೇ ಬಿಟ್ಟಿದ್ದ! ಮುಖ್ಯ ಶಿಕ್ಷಕರ ಜೊತೆ ಮಾತಾಡಿ, ಬೆಂಚಿನ ಮೇಲೆ ಬಾಟಲಿ ಇಟ್ಟುಕೊಳ್ಳಲು, ಕೇಳದೇ ಹೊರಗೆ ಹೋಗಲು ಅನುಮತಿ ಕೊಡಿಸಿದ್ದೇ ನನ್ನ ಪೋಸ್ಟಿಂಗ್‌ನ ಸಾಧನೆ.

ಭಾರತದಲ್ಲಿ ಈ ಕಾಯಿಲೆಯ ಗುಣ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ನೀಲಗಿರಿ ಬೆಟ್ಟದ ಬುಡಕಟ್ಟು ಜನರಲ್ಲಿ, 1952ರಲ್ಲಿ. ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರ ಜುಲೈನಲ್ಲಿ. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನವರಿಗೆ ರಕ್ತಪರೀಕ್ಷೆ ಮಾಡಿ ಕಾರ್ಡ್ ಕೊಡುತ್ತಾರೆ. ಕಾಯಿಲೆಯ ಗುಣ ಒಬ್ಬರಿಂದಷ್ಟೇ ಬಂದವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ಹಾಡಿಯಿಂದ ಓದಲು ಬಂದ ಗೆಳೆಯರು ನಿಮ್ಮ ಹಾಸ್ಟೆಲ್‌ನಲ್ಲಿದ್ದರೆ ಕಾರ್ಡ್ ಸಿಕ್ಕಿದೆಯೇ ಎಂದು ಕೇಳಿ. ಇಲ್ಲದಿದ್ದರೆ ತಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು.