ಅಂಬಾಸಡರ್ ಮತ್ತು ಪದ್ಮಿನಿ: ಎರಡು ಗಾಡಿ, ಎರಡು ಗುಣ

ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ, ಅದರ ಮಗ್ಗುಲಲ್ಲೇ ಇರುವ ಜಿನನಾಥಪುರದ ಶಾಂತಿನಾಥ ಬಸದಿಗೆ, ಅಲ್ಲಿಂದ ಹಾಸನದ ಮೇಲೆ ಬೇಲೂರು, ಹಳೇಬೀಡಿಗೆ. ಒಂದು ಕಾಲದಲ್ಲಿ ಈ ಪ್ರವಾಸಕ್ಕೆ ಕಾರು ಬೇಕೆಂದರೆ ಸಿಗುತ್ತಿದ್ದುದು ಹೆಚ್ಚಾಗಿ ಎರಡೇ: ಅಂಬಾಸಡರ್, ಇಲ್ಲವೇ ಫಿಯೆಟ್. ಲೈಸೆನ್ಸ್ ಪದ್ಧತಿಯ ಆ ದಿನಗಳಲ್ಲಿ ಕಾರು ತಯಾರಿಸಲು ಅನುಮತಿ ಪಡೆದ ಕಂಪನಿಗಳೇ ಬೆರಳೆಣಿಕೆಯಷ್ಟು. ಹಣ ಕಟ್ಟಿದವರೂ ವರ್ಷಗಟ್ಟಲೆ ಕಾಯಬೇಕಿತ್ತು.

ಅಂಬಾಸಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. 1950ರ ದಶಕದ ಕೊನೆಯಿಂದ 2014ರವರೆಗೆ ಅದು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಇನ್ನೊಂದು ಇಟಲಿಯ ಫಿಯೆಟ್ 1100. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿದ್ದ ಈ ಕಾರಿಗೆ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಆದರೂ ಜನರ ಬಾಯಲ್ಲಿ ಅದು ಫಿಯೆಟ್ಟಾಗಿಯೇ ಉಳಿಯಿತು.

ಓಟದಲ್ಲಿ ಎರಡರ ಗುಣ ಬೇರೆ. ಅಂಬಾಸಡರ್‌ಗೆ ಬಹುಕಾಲ ಇದ್ದುದು 1489 ಸಿಸಿ ಎಂಜಿನ್. ಫಿಯೆಟ್‌ಗೆ 1089 ಸಿಸಿ. ಎಂಜಿನ್ ಚಿಕ್ಕದಾದರೂ ಫಿಯೆಟ್ ಹಗುರ. ಹಾಗಾಗಿ ಪೇಟೆಯ ಇಕ್ಕಟ್ಟಿನಲ್ಲಿ ಚುರುಕು, ಪೆಟ್ರೋಲೂ ಕಡಿಮೆ. ಅಂಬಾಸಡರ್ ನಿಧಾನಿ, ಆದರೆ ಮನೆಮಂದಿಯನ್ನೆಲ್ಲ ತುಂಬಿಕೊಂಡು, ಡಿಕ್ಕಿಯಲ್ಲಿ ಹಾಸಿಗೆ ಪಾತ್ರೆ ಹೇರಿಕೊಂಡು ಹಳ್ಳಿಯ ಗುಂಡಿ ಬಿದ್ದ ರಸ್ತೆಯಲ್ಲಿ ಅಳುಕದೆ ಹೋಗುತ್ತಿತ್ತು. ಗೇರ್ ಸ್ಟಿಯರಿಂಗ್ ಬದಿಯಲ್ಲಿದ್ದುದರಿಂದ ಎರಡರಲ್ಲೂ ಮುಂದಿನ ಸೀಟಿನಲ್ಲೇ ಮೂವರು ಕೂರಬಹುದಿತ್ತು. ಸಕಲೇಶಪುರ ದಾಟಿ ಶಿರಾಡಿ ಘಾಟಿಯನ್ನು ಹತ್ತಿ ಇಳಿಯುವಾಗ ಮಾತ್ರ ಎರಡರ ಚಾಲಕರೂ ರೇಡಿಯೇಟರ್ ನೀರು, ಬ್ರೇಕು ಎರಡರ ಮೇಲೂ ಕಣ್ಣಿಡಬೇಕಿತ್ತು.

ಹೀಗಾಗಿ ಅಂಬಾಸಡರ್ ಸರ್ಕಾರಿ ಅಧಿಕಾರಿಗಳ, ಟ್ಯಾಕ್ಸಿಯವರ ಗಾಡಿಯಾಯಿತು. ಫಿಯೆಟ್ ಹೆಚ್ಚಾಗಿ ಡಾಕ್ಟರು, ವಕೀಲರಂಥವರ ಸ್ವಂತ ವಾಹನವಾಯಿತು. ಮುಂಬಯಿ ಇದಕ್ಕೆ ಅಪವಾದ. ಅಲ್ಲಿ ಟ್ಯಾಕ್ಸಿಯೇ ಪದ್ಮಿನಿ. ಅದು ರಸ್ತೆಯಿಂದ ಮರೆಯಾದದ್ದು 2023ರ ಅಕ್ಟೋಬರಿನಲ್ಲಿ. 1983ರಲ್ಲಿ ಬಂದ ಮಾರುತಿ 800 ಎರಡರ ಪಾರುಪತ್ಯವನ್ನೂ ಮುರಿದಿತ್ತು.

ಇಂದು ತಾತನ ಕಾರನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಕೊಂಡವರ ಪ್ರಶ್ನೆ ಬೇರೆ: ಇಟ್ಟುಕೊಳ್ಳುವುದೋ, ಗುಜರಿಗೆ ಹಾಕುವುದೋ? 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಸ್ವಂತ ವಾಹನ ‘ವಿಂಟೇಜ್’ ನೋಂದಣಿ ಪಡೆಯಬಹುದು. ಆದರೆ ಅದನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬೇಕು, ನಿತ್ಯದ ಓಡಾಟಕ್ಕಲ್ಲ. ಮೊದಮೊದಲ ಪದ್ಮಿನಿಗಳು ಈಗಷ್ಟೇ ಆ ವಯಸ್ಸು ಮುಟ್ಟುತ್ತಿವೆ. 2014ರ ಕೊನೆಯ ಅಂಬಾಸಡರ್ ಮುಟ್ಟುವುದು 2064ಕ್ಕೆ. ಅಲ್ಲಿಯವರೆಗೆ ಹದಿನೈದು ವರ್ಷ ತುಂಬಿದ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಬಿಡಿಭಾಗವನ್ನು ಹೇಗೋ ಹುಡುಕಿ ತರಬಹುದು, ಬಲ್ಲ ಮೇಸ್ತ್ರಿಯೂ ಸಿಕ್ಕಾನು. ದಾಖಲೆ ಕಳೆದುಕೊಂಡ ಕಾರು ಮಾತ್ರ ಎಷ್ಟೇ ಚೆನ್ನಾಗಿ ಓಡಿದರೂ ಮನೆಯಂಗಳ ದಾಟಲಾರದು. ಆದ್ದರಿಂದ ಉಳಿಸಿಕೊಳ್ಳಬೇಕೆನ್ನುವವರು ಎಂಜಿನ್ ಬಿಚ್ಚಿಸುವ ಮೊದಲು ಆರ್‌ಸಿ ಪುಸ್ತಕವನ್ನು ಹುಡುಕಿ ತೆಗೆಯುವುದು ಲೇಸು.