ಬರಡು ನೆಲದ ಬೊಕ್ಕಸ: ಟೆಕ್ಸಾಸ್‌ನ 254 ಕೌಂಟಿಗಳು

ಟೆಕ್ಸಾಸ್‌ನ ಪಶ್ಚಿಮ ಅಂಚಿನಲ್ಲಿ ಲವಿಂಗ್ ಎಂಬ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಇದೆ. 2020ರ ಜನಗಣತಿಯಲ್ಲಿ ಅಲ್ಲಿ ಲೆಕ್ಕಕ್ಕೆ ಸಿಕ್ಕವರು 64 ಜನ. ನಮ್ಮಲ್ಲಾದರೆ ಮದುವೆ ದಿಬ್ಬಣದ ಒಂದು ಬಸ್ಸಿಗೆ ಸಾಲುವಷ್ಟು. ಇಷ್ಟು ಜನಕ್ಕೂ ಒಂದು ಕೋರ್ಟು ಕಟ್ಟಡ, ಚುನಾಯಿತ ಷರೀಫ್, ಚುನಾಯಿತ ಕೌಂಟಿ ಜಡ್ಜ್ ಇದ್ದಾರೆ. ಶಾಲೆ ಮಾತ್ರ ಇಲ್ಲ. ಮಕ್ಕಳು ಪಕ್ಕದ ಕೌಂಟಿಯ ವಿಂಕ್ ಎಂಬ ಊರಿಗೆ ಹೋಗಬೇಕು. ಅದೇ ರಾಜ್ಯದ ಹ್ಯಾರಿಸ್ ಕೌಂಟಿಯಲ್ಲಿ, ಅಂದರೆ ಹ್ಯೂಸ್ಟನ್ ಇರುವಲ್ಲಿ, 47 ಲಕ್ಷ ಜನ. ಕಾಗದದ ಮೇಲೆ ಎರಡಕ್ಕೂ ಒಂದೇ ದರ್ಜೆ.

ಕರ್ನಾಟಕದ ಮೂರೂವರೆ ಪಟ್ಟು ವಿಸ್ತಾರದ ಟೆಕ್ಸಾಸ್‌ನಲ್ಲಿ ಕೌಂಟಿಗಳು ಒಟ್ಟು 254. ಕುದುರೆ ಏರಿ ಬೆಳಿಗ್ಗೆ ಹೊರಟ ರೈತ ಕೋರ್ಟಿನ ಕೆಲಸ ಮುಗಿಸಿಕೊಂಡು ಕತ್ತಲಾಗುವುದರೊಳಗೆ ಮನೆ ಸೇರಬೇಕು ಎಂಬ ಲೆಕ್ಕದಲ್ಲಿ ಗಡಿ ಎಳೆದರು ಎನ್ನುವುದು ಅಲ್ಲಿನ ವಾಡಿಕೆ ಮಾತು. ಪಶ್ಚಿಮಕ್ಕೆ ಹೋದಂತೆ ಆ ಲೆಕ್ಕ ಕೈಕೊಡುತ್ತದೆ. ಬ್ರೂಸ್ಟರ್ ಕೌಂಟಿ ಒಂದೇ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಜನ ಹತ್ತು ಸಾವಿರವೂ ಇಲ್ಲ. ರಾಜಧಾನಿಯಿಂದ ವರ್ಗವಾಗಿ ಬರುವ ಜಿಲ್ಲಾಧಿಕಾರಿ ಇಲ್ಲಿಲ್ಲ. ಊರಿನವರೇ ಮತ ಹಾಕಿ ಆರಿಸಿದ ಜಡ್ಜ್ ಮತ್ತು ನಾಲ್ವರು ಕಮಿಷನರ್‌ಗಳು ರಸ್ತೆ, ಜೈಲು, ತೆರಿಗೆ ಎಲ್ಲ ನೋಡಿಕೊಳ್ಳುತ್ತಾರೆ. ಬೊಕ್ಕಸಕ್ಕೆ ಮುಖ್ಯ ಆಧಾರ ಆಸ್ತಿ ತೆರಿಗೆ. ಹಾಗಾಗಿ ಕೌಂಟಿಯ ಹಣೆಬರಹ ಬರೆಯುವುದು ಅದರ ನೆಲವೇ. ಲವಿಂಗ್‌ನ ಆ 64 ಜನರ ಕಾಲಡಿ ತೈಲವಿದೆ, ಹಣಕ್ಕೆ ಬರವಿಲ್ಲ.

ಈ ನೆಲದ ಬೆಲೆ ಕಟ್ಟುವುದರಲ್ಲಿ ಸರ್ಕಾರ ಎಷ್ಟು ಎಡವಿತು ಎಂಬುದಕ್ಕೆ ರೇಗನ್ ಕೌಂಟಿಯನ್ನು ನೋಡಬೇಕು. ರಾಜ್ಯ ವಿಶ್ವವಿದ್ಯಾಲಯಕ್ಕೆಂದು ಮೊದಲು ಮೀಸಲಿಟ್ಟಿದ್ದ ಒಳ್ಳೆಯ ಜಮೀನನ್ನು ಹಿಂಪಡೆದು, 1876ರ ಸಂವಿಧಾನದಲ್ಲಿ ಪಶ್ಚಿಮದ 10 ಲಕ್ಷ ಎಕರೆ ಒಣಭೂಮಿಯನ್ನು ಅದರ ಪಾಲಿಗೆ ಬರೆದರು. 1883ರಲ್ಲಿ ಇನ್ನೂ 10 ಲಕ್ಷ ಎಕರೆ ಸೇರಿತು. ದನ ಮೇಯಿಸಲು ಗುತ್ತಿಗೆ ಕೊಟ್ಟರೆ ಪುಡಿಗಾಸು, ಅಷ್ಟೇ. 1921ರಲ್ಲಿ ಆ ಭೂಮಿಯಲ್ಲೇ, ರೇಗನ್ ಕೌಂಟಿಯ ಬಿಗ್ ಲೇಕ್ ಊರಿನ ಹತ್ತಿರ, ಫ್ರಾಂಕ್ ಪಿಕ್ರೆಲ್ ಎಂಬಾತ ತೈಲಕ್ಕಾಗಿ ಕೊರೆಯಲು ಶುರು ಮಾಡಿದ. ಅವನಿಗೆ ಹಣ ಹಾಕಿದ್ದವರಲ್ಲಿ ನ್ಯೂಯಾರ್ಕಿನ ಕೆಲವು ಕ್ಯಾಥೊಲಿಕ್ ಮಹಿಳೆಯರಿದ್ದರು. ದುಡ್ಡು ಮುಳುಗೀತೆಂಬ ಭಯದಲ್ಲಿ ಅವರು ಪಾದ್ರಿಯ ಸಲಹೆ ಕೇಳಿದರು. ಆಗದ ಕೆಲಸ ಆಗಿಸುವ ಸಂತ ರೀಟಾಳಿಗೆ ಮೊರೆಯಿಡಿ ಎಂದನಂತೆ ಆತ. ಮಂತ್ರಿಸಿದ ಗುಲಾಬಿಯೊಂದು ಪಿಕ್ರೆಲ್ ಕೈ ಸೇರಿತು. ಆತ ಅಟ್ಟಣೆಯ ತುದಿಗೆ ಹತ್ತಿ, ಒಣಗಿದ ಎಸಳುಗಳನ್ನು ಕೆಳಗೆ ಉದುರಿಸಿ ಬಾವಿಗೆ ‘ಸಾಂಟಾ ರೀಟಾ’ ಎಂದು ಹೆಸರಿಟ್ಟ. 1923ರ ಮೇ 28ರಂದು ತೈಲ ಚಿಮ್ಮಿತು.

ವಿಶ್ವವಿದ್ಯಾಲಯದ ನಿಧಿ ಅಂದಿನಿಂದ ಬೆಳೆಯುತ್ತಲೇ ಇದೆ. ಆದಾಯದಲ್ಲಿ ಮೂರನೇ ಎರಡು ಪಾಲು ಟೆಕ್ಸಾಸ್ ವಿಶ್ವವಿದ್ಯಾಲಯ ವ್ಯವಸ್ಥೆಗೆ, ಉಳಿದದ್ದು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ವ್ಯವಸ್ಥೆಗೆ. ಸಾಂಟಾ ರೀಟಾ ಬಾವಿಯ ಹಳೆಯ ಯಂತ್ರವನ್ನು ಈಗ ಟ್ರಾವಿಸ್ ಕೌಂಟಿಯ ಆಸ್ಟಿನ್‌ನಲ್ಲಿ, ವಿಶ್ವವಿದ್ಯಾಲಯದ ಆವರಣದಲ್ಲೇ ನಿಲ್ಲಿಸಿದ್ದಾರೆ. ಹಾಸನದಲ್ಲಿ ಹುಟ್ಟಿದ ‘ಕಾಂತಾಪುರ’ದ ಲೇಖಕ ರಾಜಾ ರಾವ್ 1966ರಿಂದ ತತ್ತ್ವಶಾಸ್ತ್ರ ಪಾಠ ಹೇಳಿದ್ದು ಇದೇ ವಿಶ್ವವಿದ್ಯಾಲಯದಲ್ಲಿ, 2006ರಲ್ಲಿ ತೀರಿಕೊಂಡದ್ದೂ ಆಸ್ಟಿನ್‌ನಲ್ಲೇ. ಯಾರಿಗೂ ಬೇಡವಾದ ಭೂಮಿಯ ಎಣ್ಣೆ ವೇದಾಂತದ ತರಗತಿಗೂ ದೀಪವಾಯಿತು ಎಂದರೆ ತಪ್ಪಾಗದು.

ತೈಲವೆಂದರೆ ಎಲ್ಲರೂ ಹೇಳುವುದು ಜೆಫರ್ಸನ್ ಕೌಂಟಿಯ ಸ್ಪಿಂಡಲ್‌ಟಾಪ್ ಕತೆ. 1901ರ ಜನವರಿ 10ರಂದು ಚಿಮ್ಮಿದ ಬಾವಿ ಒಂಬತ್ತು ದಿನ ಹತೋಟಿಗೆ ಬರಲಿಲ್ಲ. ಟೆಕ್ಸಾಕೊ, ಗಲ್ಫ್‌ನಂಥ ಕಂಪನಿಗಳು ಅಲ್ಲಿಂದಲೇ ತಲೆಯೆತ್ತಿದವು. ದೊಡ್ಡ ಘಟನೆ ನಿಜ, ಆದರೆ ನನಗೆ ಗುಲಾಬಿ ಎಸಳಿನ ಬಾವಿಯೇ ಹೆಚ್ಚು ಇಷ್ಟ.

ದಕ್ಷಿಣದ ಕ್ಲೇಬರ್ಗ್ ಮತ್ತು ಸುತ್ತಲಿನ ಕೌಂಟಿಗಳಲ್ಲಿ ಹರಡಿರುವುದು ಕಿಂಗ್ ರ‍್ಯಾಂಚ್. ಹಡಗು ನಡೆಸುತ್ತಿದ್ದ ರಿಚರ್ಡ್ ಕಿಂಗ್ 1853ರಲ್ಲಿ ಆರಂಭಿಸಿದ ಈ ಗೋಮಾಳದ ವಿಸ್ತಾರ 8.25 ಲಕ್ಷ ಎಕರೆ. ಬೆಂಗಳೂರು ನಗರ ಜಿಲ್ಲೆಯ ಒಂದೂವರೆ ಪಟ್ಟು! ಯುರೋಪಿನ ದನಗಳು ಇಲ್ಲಿನ ಸೆಕೆಗೂ ಉಣ್ಣೆಗಳಿಗೂ ಸೋತಾಗ, ಬ್ರಾಹ್ಮನ್ ತಳಿಯ ಹೋರಿಗಳನ್ನು ಶಾರ್ಟ್‌ಹಾರ್ನ್ ಹಸುಗಳೊಂದಿಗೆ ಕೂಡಿಸಿ ‘ಸಾಂಟಾ ಗರ್ಟ್ರೂಡಿಸ್’ ಎಂಬ ಹೊಸ ತಳಿ ಮಾಡಿದರು. ಅಮೆರಿಕ ಸರ್ಕಾರ ಅದಕ್ಕೆ 1940ರಲ್ಲಿ ಮನ್ನಣೆ ಕೊಟ್ಟಿತು. ಬ್ರಾಹ್ಮನ್ ತಳಿ ರೂಪುಗೊಂಡದ್ದು ಭಾರತದ ದನಗಳಿಂದ: ಗಿರ್, ಕಾಂಕ್ರೇಜ್, ಒಂಗೋಲ್ ಮತ್ತು ನಮ್ಮ ಕೃಷ್ಣಾ ತೀರದ ತಳಿ. ಬೆಳಗಾವಿ, ವಿಜಯಪುರದ ಎರೆಹೊಲ ಉಳಲು ಸಾಕಿದ ಎತ್ತುಗಳ ರಕ್ತ ಟೆಕ್ಸಾಸ್‌ನಲ್ಲಿ ಮಾಂಸೋದ್ಯಮದ ಬಂಡವಾಳವಾಯಿತು. ತವರಿನಲ್ಲಿ ಟ್ರ್ಯಾಕ್ಟರ್ ಬಂದು ಆ ತಳಿಯೇ ಅಪರೂಪವಾಗಿದೆ. ಅವರು ಉಳಿಸಿಕೊಂಡರು, ನಾವು ಕಳೆದುಕೊಳ್ಳುತ್ತಿದ್ದೇವೆ.

ಮಧ್ಯದ ಗುಡ್ಡಸೀಮೆಯ ಗಿಲೆಸ್ಪಿ ಕೌಂಟಿಗೆ ಬಂದರೆ ಬೇರೊಂದು ದೇಶ ಹೊಕ್ಕಂತೆ. 1846ರಲ್ಲಿ ಜರ್ಮನ್ ವಲಸಿಗರು ಕಟ್ಟಿದ ಫ್ರೆಡರಿಕ್ಸ್‌ಬರ್ಗ್ ಅಲ್ಲಿದೆ. ಮರುವರ್ಷವೇ ಅವರು ಕೊಮಾಂಚೆ ಬುಡಕಟ್ಟಿನವರೊಂದಿಗೆ ಒಪ್ಪಂದ ಮಾಡಿಕೊಂಡರು. ಎರಡೂ ಕಡೆಯವರು ಅದನ್ನು ಮುರಿಯಲಿಲ್ಲ ಎಂದು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ದೂರದ ತೋಟಗಳಲ್ಲಿದ್ದ ಕುಟುಂಬಗಳು ಚರ್ಚಿಗೆ ಬಂದಾಗ ಉಳಿಯಲು ಕಟ್ಟಿಕೊಂಡ ಪುಟ್ಟ ‘ಭಾನುವಾರದ ಮನೆ’ಗಳು ಅಲ್ಲಲ್ಲಿ ಉಳಿದಿವೆ. ಪೀಚ್ ಹಣ್ಣು, ದ್ರಾಕ್ಷಿ, ವೈನ್ ಇಲ್ಲಿನ ಕಸುಬು.

ಎಲ್ಲಿಸ್ ಕೌಂಟಿಯ ವಾಕ್ಸಹಾಚಿ ಊರಿನ ಕೋರ್ಟು ಕಟ್ಟಡ 1897ರದು. ಕೆಂಪು ಮರಳುಗಲ್ಲು, ನಸುಗೆಂಪು ಗ್ರಾನೈಟ್, ಮೇಲೆ ಗಡಿಯಾರ ಗೋಪುರ. ಕಂಬಗಳ ತಲೆಯಲ್ಲಿ ಮುಖಗಳಿವೆ; ಕೆಲವು ಸುಂದರ, ಕೆಲವು ಹಲ್ಲು ಕಿರಿದ ವಿಕಾರ. ಶಿಲ್ಪಿಯೊಬ್ಬ ಊರಿನ ಹುಡುಗಿಯನ್ನು ಪ್ರೀತಿಸಿ, ಆಕೆ ಒಲ್ಲೆ ಎಂದಂತೆಲ್ಲ ಅವಳ ಮುಖವನ್ನು ಕುರೂಪವಾಗಿ ಕೆತ್ತುತ್ತ ಹೋದನೆಂದು ಕತೆ. ಇತಿಹಾಸಕಾರರು ನಂಬುವುದಿಲ್ಲ; ಮಾರ್ಗದರ್ಶಿಗಳು ಬಿಡುವುದಿಲ್ಲ. ಇಂಥ ಹಳೆಯ ಕೋರ್ಟು ಕಟ್ಟಡಗಳ ದುರಸ್ತಿಗೆಂದೇ ರಾಜ್ಯ 1999ರಲ್ಲಿ ಯೋಜನೆ ತಂದಿತು. ಹಳೆಯ ತಾಲ್ಲೂಕು ಕಚೇರಿ ಕೆಡವಿ ಗಾಜಿನ ಡಬ್ಬಿ ನಿಲ್ಲಿಸುವ ನಮ್ಮವರು ಇದನ್ನೊಮ್ಮೆ ನೋಡಬೇಕು.

ಡಲ್ಲಾಸ್ ಕೌಂಟಿಯ ಸಂಪತ್ತು ನೆಲದಡಿಯದಲ್ಲ. 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜ್ಯಾಕ್ ಕಿಲ್ಬಿ ಇಲ್ಲಿ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟ್ ತೋರಿಸಿದರು. ಅದೇ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆದದ್ದು ನಮ್ಮ ಐಟಿ ಯುಗದ ಮೊದಲ ಹೆಜ್ಜೆಗಳಲ್ಲೊಂದು. ಇಂದು ಪಕ್ಕದ ಕಾಲಿನ್ ಕೌಂಟಿಯ ಪ್ಲೇನೋ, ಫ್ರಿಸ್ಕೊಗಳಲ್ಲಿ ಕನ್ನಡ ಮಾತು ಕಿವಿಗೆ ಬೀಳುವುದು ಅಪರೂಪವಲ್ಲ. ಫ್ರಿಸ್ಕೊದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನಕ್ಕೆ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮದ ನಂಟಿದೆ.

ಮಗನ ಮನೆ, ಮಾಲು, ದೇವಸ್ಥಾನ ನೋಡಿ ಆರು ತಿಂಗಳಿಗೆ ಹಿಂದಿರುಗುವ ಅಪ್ಪ-ಅಮ್ಮಂದಿರೇ, ಒಮ್ಮೆ ಪಶ್ಚಿಮಕ್ಕೆ ಹೊರಡಿಸಿ ಎಂದು ಮಕ್ಕಳಿಗೆ ದುಂಬಾಲು ಬೀಳಿ. ಐ-20 ಹೆದ್ದಾರಿ ಹಿಡಿದರೆ ನೋಲನ್ ಕೌಂಟಿಯಲ್ಲಿ ಹತ್ತಿ ಹೊಲಗಳ ನಡುವೆ ಗಾಳಿಯಂತ್ರಗಳ ಸಾಲು. 2009ರಲ್ಲಿ ಪೂರ್ಣಗೊಂಡ ರಾಸ್ಕೊ ಯೋಜನೆಯಲ್ಲೇ ಅವು 627. ಮುಂದೆ ಮಿಡ್ಲೆಂಡ್‌ನ ತೈಲ, ಕೊನೆಗೆ ಬ್ರೂಸ್ಟರ್ ಕೌಂಟಿಯ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ. ಡಲ್ಲಾಸ್‌ನಿಂದ 800 ಕಿ.ಮೀ. ಮೀರಿದ ದಾರಿ. ಬೇಸಿಗೆ ಬೇಡ, ನವೆಂಬರ್‌ನಿಂದ ಮಾರ್ಚ್ ಒಳ್ಳೆಯದು. ದಾರಿಯಲ್ಲಿ ಸಿಗುವ ಫೋರ್ಟ್ ಸ್ಟಾಕ್ಟನ್ ಊರಿನಲ್ಲಿ ಟ್ಯಾಂಕ್ ತುಂಬಿಸಿ, ಕುಡಿಯುವ ನೀರು ಧಾರಾಳವಾಗಿ ಇಟ್ಟುಕೊಳ್ಳಿ. ಅಲ್ಲಿಂದಾಚೆ ಫೋನ್ ಸಿಗ್ನಲ್ ನಂಬಬೇಡಿ.